ಬಾಗಿಲಿಲ್ಲದ ಮೂರನೇ ಭಾಗ

ಮೈಕಿನ ತಲೆಗೆ ಯಾರೋ ಬೆರಳಿನಿಂದ ಬಡಿದರು. ಟಕ್, ಟಕ್.

ಅಷ್ಟು ಸಾಕಾಗಿತ್ತು. ಮಾಧಾಪುರದ ಹೊಸ ಗಾಜಿನ ಕಟ್ಟಡದ ನೆಲಮಹಡಿಯಲ್ಲಿ, ಕುಂಡದೊಳಗಿನ ಪ್ಲಾಸ್ಟಿಕ್ ಬಿದಿರಿನ ಪಕ್ಕ ಕೂತು ನುಡಿಸುತ್ತಿದ್ದ ನಾಲ್ವರು, ಒಬ್ಬರ ಮುಖ ಒಬ್ಬರು ನೋಡದೆ, ಓಡುತ್ತಿದ್ದ ಸ್ವರವನ್ನು ಮೆಲ್ಲಗೆ ತಿರುಗಿಸಿ, ನಾಲ್ಕು ಹೆಜ್ಜೆ ನಡೆಸಿ, ಮನೆ ಮುಟ್ಟಿಸಿ, ಕಮಾನು ಮೇಲೆತ್ತಿದರು. ಕೇಳಿದವರು ಯಾರಾದರೂ ಇದ್ದಿದ್ದರೆ, ಬರೆದವನೇ ಅದನ್ನು ಅಲ್ಲಿಗೆ ಮುಗಿಸಿದ್ದಾನೆ ಅಂದುಕೊಳ್ಳುತ್ತಿದ್ದರು. ಕೇಳಿದವರು ಯಾರೂ ಇರಲಿಲ್ಲ. ಎಲ್ಲರೂ ರಿಬ್ಬನ್ ಕತ್ತರಿಸುವ ಕಡೆಗೆ ತಿರುಗಿದ್ದರು.

ಮೂರನೇ ಟಕ್ ಕೇಳಿಸಬಾರದು ಎಂಬುದು ಮೊದಲ ಪಿಟೀಲಿನ ವಿಠಲರಾಯರು ಹಾಕಿಕೊಟ್ಟ ಕಾನೂನು. ಬೀದರಿನವರು, ಅರವತ್ತು ದಾಟಿದವರು, ಇಸ್ತ್ರಿ ಮಾಡಿದ ಕರಿ ಕೋಟಿನೊಳಗೆ ಇನ್ನೂ ನೆಟ್ಟಗೆ ಕೂರುವವರು. "ಹೊರಗ ಹೋಗ್ರಿ ಅನ್ನಿಸ್ಕೊಳ್ಳೂದಕ್ಕಿಂತ ಮೊದಲ ನಾವ ಎದ್ದು ಹೋಗೂದು ಚಲೋ. ಮೂರನೇ ಟಕ್ ಅಂದ್ರ ಕುತ್ತಿಗಿ ಹಿಡದು ದಬ್ಬಿದಂಗ" ಎನ್ನುತ್ತಿದ್ದರು. ಅದಕ್ಕಾಗಿ ಅವರ ಸ್ವರದ ಹಾಳೆಗಳ ತುಂಬ ಪೆನ್ಸಿಲಿನ ಸಣ್ಣ ಸಣ್ಣ ಚೌಕಟ್ಟುಗಳಿದ್ದವು. ಅವುಗಳಿಗೆ ಅವರು ಇಟ್ಟ ಹೆಸರು ಬಾಗಿಲು. ಯಾವ ತುಣುಕಿನಲ್ಲಿ ಎಲ್ಲಿದ್ದರೂ ಸರಿ, ಮಂತ್ರಿ ಬಂದರೆ, ಮದುಮಗಳು ಇಳಿದರೆ, ಕಂಪನಿಯ ದೊಡ್ಡ ಸಾಹೇಬ ಗಂಟಲು ಸರಿಮಾಡಿಕೊಂಡರೆ, ಹತ್ತಿರದ ಬಾಗಿಲಿನಿಂದ ನಾಲ್ವರೂ ಹೊರಗೆ. ವರ್ಷಗಟ್ಟಲೆ ಮಾಡಿ ಮಾಡಿ ಈಗ ಹಾಳೆ ನೋಡುವ ಅಗತ್ಯವೂ ಉಳಿದಿರಲಿಲ್ಲ. ಟಕ್ ಕಿವಿಗೆ ಬೀಳುತ್ತಿತ್ತು, ಕೈ ಬಾಗಿಲು ಹುಡುಕಿಕೊಳ್ಳುತ್ತಿತ್ತು, ನಡುವೆ ಮನುಷ್ಯನ ಕೆಲಸವೇನೂ ಇರಲಿಲ್ಲ.

"ಥ್ಯಾಂಕ್ಯೂ ಟು ಅವರ್ ಸ್ಟ್ರಿಂಗ್ ಕ್ವಾರ್ಟರ್" ಎಂದ ಮೈಕಿನ ಹುಡುಗ. ನಾಲ್ವರ ಮೇಳ ಎಂಬ ಅರ್ಥದ 'ಕ್ವಾರ್ಟೆಟ್' ಅವನ ಬಾಯಲ್ಲಿ ಹಾಗಾಗಿತ್ತು.

"ನಾಕು ಮಂದಿ ಕೂಡಿದ್ರೂ ನಮ್ಮನ್ನ ಕ್ವಾರ್ಟರ್ರ ಅಂತಾರ. ಫುಲ್ ಆಗೂದು ಯಾವಾಗೋ ಪದ್ದು?" ಎಂದ ಚಂದ್ರಾಮ. ಕಲಬುರ್ಗಿಯ ಆಳು, ಆಳೆತ್ತರದ ಚೆಲ್ಲೋ ಅವನದು. ಎರಡು ಮೊಣಕಾಲಿನ ನಡುವೆ ಅದನ್ನು ಹಿಡಿದು ಕೂತರೆ ಹಟಮಾಡುವ ಎಮ್ಮೆಕರುವಿಗೆ ಔಷಧಿ ಕುಡಿಸುವವನ ಹಾಗೆ ಕಾಣುತ್ತಿದ್ದ.

ಪದ್ದು ಅಂದರೆ ಎರಡನೇ ಪಿಟೀಲಿನ ಪದ್ಮನಾಭ. ಅವನು ಬಿದಿರಿನ ಮರೆಯಿಂದ ಮೈಕಿನ ಹುಡುಗನ ದನಿಯಲ್ಲೇ "ಲೇಡೀಸ್ ಅಂಡ್ ಜೆಂಟಲ್‌ಮೆನ್, ಕ್ವಾರ್ಟರ್ ಖಾಲಿ, ದಯವಿಟ್ಟು ಬಾಟ್ಲಿ ವಾಪಸ್ ಕೊಡಿ" ಎಂದ. ಎಷ್ಟು ಹುಬೇಹೂಬು ಎಂದರೆ, ಮೈಕಿನ ಹುಡುಗ ತಾನೇ ಏನೋ ಅಂದೆನೇ ಎಂದು ಹಿಂತಿರುಗಿ ನೋಡಿದ. ವಯೋಲದ ಮಂದಾಕಿನಿ ನಗು ತಡೆಯಲು ವಾದ್ಯಕ್ಕೆ ಹಣೆ ಒತ್ತಿಕೊಂಡಳು. ವಯೋಲ ಅಂದರೆ ಪಿಟೀಲಿನ ಅಕ್ಕ; ಮೈಯೂ ದೊಡ್ಡದು, ದನಿಯೂ ತುಸು ಕೆಳಗೆ. ಮಂಗಳೂರಿನ ಮಂದಾಕಿನಿ ಮೂವರು ಗಂಡಸರಿಗೆ ಹಾಗೆಯೇ ಇದ್ದಳು.

ಪದ್ಮನಾಭ ನಗಿಸಿದನೇ ಹೊರತು ನಗಲಿಲ್ಲ. ಎಡಭುಜದಲ್ಲಿ ನೋವು ಇತ್ತು, ಅದೀಗ ಮನೆಯವರಲ್ಲಿ ಒಬ್ಬನ ಹಾಗೆ ಆಗಿಬಿಟ್ಟಿತ್ತು. ಆದರೆ ನೋವು ದೊಡ್ಡ ಮಾತಲ್ಲ. ದಣಿವು ಬೇರೆ ಕಡೆಯಿಂದ ಬರುತ್ತಿತ್ತು. ಯಾರೂ ಕೇಳದೆ ಇರುವುದನ್ನು ತಪ್ಪಿಲ್ಲದೆ ನುಡಿಸುವುದು, ಅದೂ ಅರ್ಧಕ್ಕೆ ಬಿಡುವುದಕ್ಕಾಗಿ. ಒಂದು ದಿನ ಕೂತು ನೆನಪು ಮಾಡಿಕೊಂಡಿದ್ದ: ಈ ನಾಲ್ವರು ಜನರ ಎದುರಿಗೆ ಒಂದು ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದ್ದು ಯಾವಾಗ? ನೆನಪಿಗೆ ಬರಲಿಲ್ಲ. ನೆನಪಿನ ತಪ್ಪಲ್ಲ, ನುಡಿಸಿರಲೇ ಇಲ್ಲ.

ಮೊದಲು ಹೀಗಿರಲಿಲ್ಲ ಎಂದು ಹೇಳಿದರೂ ಸುಳ್ಳಾದೀತು. ಸಿನಿಮಾ ರೆಕಾರ್ಡಿಂಗಿನ ಕಾಲದಲ್ಲಿ ಒಂದು ಕೋಣೆಯಲ್ಲಿ ನಲವತ್ತು ಪಿಟೀಲು ಕೂರುತ್ತಿದ್ದವು. ನಾಯಕಿ ಮೆಟ್ಟಿಲಿಳಿಯುವಷ್ಟು ಹೊತ್ತು ನುಡಿಸಿದರೆ ಆಯಿತು. ಆಮೇಲೆ ಒಂದು ಕೀಬೋರ್ಡು ಬಂತು. ಅದರ ಒಂದು ಗುಂಡಿ ಒತ್ತಿದರೆ ನಲವತ್ತೂ ಜನ ಒಳಗಿಂದ ಕೂಗುತ್ತಿದ್ದರು. ಮಿಮಿಕ್ರಿಯಲ್ಲಿ ತನ್ನನ್ನು ಸೋಲಿಸಿದ್ದು ಅದೊಂದೇ ಎಂದು ಪದ್ಮನಾಭ ಹೇಳಿಕೊಳ್ಳುತ್ತಿದ್ದ. ಕೆಲಸ ಹೋದವರಲ್ಲಿ ಈ ನಾಲ್ವರು, ಒಂದೇ ಮಾಸ್ತರರ ಶಿಷ್ಯರು, ಒಟ್ಟಾಗಿ 'ದಖ್ಖನ್ ಸ್ಟ್ರಿಂಗ್ಸ್' ಆದರು. ಅಷ್ಟರಲ್ಲಿ ಊರಿನ ಪಶ್ಚಿಮಕ್ಕೆ ಬಂಡೆ ಒಡೆದು ಗಾಜಿನ ಕಟ್ಟಡ ನಿಲ್ಲಿಸುವ ಹುಚ್ಚು ಹತ್ತಿತು. ವಾರಕ್ಕೊಂದು ಉದ್ಘಾಟನೆ. ತಂತ್ರಾಂಶದವರ ಬಾಗಿಲಲ್ಲಿ ತಂತಿಯವರಿಗೆ ಕೆಲಸಕ್ಕೆ ಬರವಿರಲಿಲ್ಲ. ಕಿವಿಗೆ ಮಾತ್ರ ಬರ.

ವಾಪಸು ಬರುವಾಗ ಎಂದಿನಂತೆ ಚೆಲ್ಲೋಗೆ ಆಟೋದ ಹಿಂದಿನ ಸೀಟು, ಚಂದ್ರಾಮನಿಗೆ ಅದರ ಪಕ್ಕ ಅರ್ಧ ಸೀಟು, ಪದ್ಮನಾಭನಿಗೆ ಡ್ರೈವರನ ಪಕ್ಕದ ಕಂಬಿ.

"ಚೆಲ್ಲೋ ಹೈ, ಸಂಭಾಲ್ ಕೇ" ಎಂದ ಚಂದ್ರಾಮ.

"ಚಲೋ ಬೋಲೇ ತೋ ಚಲೋ" ಎಂದು ಡ್ರೈವರ್ ಗಾಡಿ ಬಿಟ್ಟೇಬಿಟ್ಟ. ಪದ್ಮನಾಭನ ಒಂದು ಕಾಲು ಇನ್ನೂ ನೆಲದ ಮೇಲಿತ್ತು.

ಅವನ ಜೇಬಿನಲ್ಲಿ, ಅಂದರೆ ಮನಸ್ಸಿನ ಜೇಬಿನಲ್ಲಿ, ಉಳಿದ ಮೂವರಿಗೂ ಹೇಳದ ಒಂದು ಸುದ್ದಿ ಇತ್ತು. ಇಂಥದೇ ಒಂದು ಸಮಾರಂಭದಲ್ಲಿ ಅವನು ಮರೆಯಲ್ಲಿ ನಿಂತು ಅಮೆರಿಕದ ಸಾಹೇಬನ ದನಿ ತೆಗೆಯುತ್ತಿದ್ದಾಗ ಶ್ರೀವಿದ್ಯಾ ಎಂಬ ಹುಡುಗಿ ಕೇಳಿಸಿಕೊಂಡಿದ್ದಳು. ಮೈಸೂರಿನವಳು, ಕಾಲ್ ಸೆಂಟರಿನಲ್ಲಿ ಹುಡುಗರಿಗೆ ಇಂಗ್ಲಿಷ್ ಉಚ್ಚಾರ ಕಲಿಸುವ ವಿಭಾಗದ ಮುಖ್ಯಸ್ಥೆ. "ಸರ್, ನೀವು ಟೆಕ್ಸಾಸ್ ಬೇರೆ, ಬೋಸ್ಟನ್ ಬೇರೆ ಮಾಡ್ತೀರಲ್ಲ, ನಮ್ಮ ಟ್ರೈನರ್‌ಗಳಿಗೇ ಬರಲ್ಲ ಅದು. ನೀವು ಬರ್ಲೇಬೇಕು" ಎಂದು ಬೆನ್ನು ಹತ್ತಿದ್ದಳು. ಅವನು ಒಪ್ಪಿಕೊಂಡಿದ್ದ. ಬರುವ ಸೋಮವಾರದಿಂದ ಸೇರಬೇಕು. ಅಲ್ಲಿ ಕೆಲಸ ಶುರುವಾಗುವುದು ಸಂಜೆ. ಸಮಾರಂಭಗಳು ಶುರುವಾಗುವುದೂ ಸಂಜೆ. ಅಂದಮೇಲೆ ಪಿಟೀಲು ಮುಗಿದ ಹಾಗೆ. ದಿಲ್‌ಸುಖ್‌ನಗರದ ಮನೆಯಲ್ಲಿ ಹೆಂಡತಿ ಸುಮಂಗಲಾಗೆ ಹೇಳಿದಾಗ ಅವಳು "ಕುಂತು ಮಾತಾಡೂ ಕೆಲಸ ಅಲಾ? ಭುಜಕ್ಕ ಆರಾಮ ಆಗತೈತಿ ಬಿಡ್ರಿ" ಎಂದಿದ್ದಳು.

ಆದರೆ ಸೋಮವಾರಕ್ಕೆ ಮೊದಲು ಒಂದು ಭಾನುವಾರ ಇತ್ತು.

ಕೋಠಿಯ ಪುಸ್ತಕದಂಗಡಿಗಳ ಹಿಂದೆ ಒಂದು ಹಳೆಯ ವಾಚನಾಲಯ. ಅದರ ಹಿಂಕೋಣೆಯಲ್ಲೇ ಡೇನಿಯಲ್ ಮಾಸ್ತರರು ನಾಲ್ವರಿಗೂ ಪಾಠ ಹೇಳಿದ್ದು. ಮಾಸ್ತರರು ತೀರಿಕೊಂಡು ಬಹಳ ಕಾಲವಾಗಿತ್ತು. ಈಗ ವಾಚನಾಲಯದ ಕಾರ್ಯದರ್ಶಿ ತಾಯಪ್ಪನವರು ಅವರ ನೆನಪಿಗೆ ಭಾನುವಾರ ಬೆಳಿಗ್ಗೆ ಒಂದು ಕಛೇರಿ ಇಟ್ಟಿದ್ದರು. ಜನ ಬಂದು, ಕುರ್ಚಿಯ ಮೇಲೆ ಕೂತು, ಕೇಳುವ ಕಛೇರಿ. ನುಡಿಸಬೇಕಾದದ್ದು ಮಾಸ್ತರರೇ ಈ ನಾಲ್ವರಿಗಾಗಿ ಬರೆದುಕೊಟ್ಟಿದ್ದ ನಾಲ್ಕು ಭಾಗದ ಕೃತಿ.

ಅದರ ಮೊದಲ ಭಾಗವನ್ನು ಅವರು ಎಷ್ಟೋ ಮದುವೆಗಳಲ್ಲಿ ಸವೆಸಿದ್ದರು. ಎರಡನೆಯದನ್ನು ಊಟದ ಹೊತ್ತಿಗೆ. ಮೂರನೆಯದನ್ನು ಜನರ ಎದುರು ನುಡಿಸಿದ್ದೇ ಇಲ್ಲ. ಅದು ನಿಧಾನದ್ದು. "ಭಾಯ್, ಯೇ ರೋನೇಕಾ ಗಾನಾ ನಕೋ" ಎಂದು, ಮದುವೆಗೆ ಮೊದಲು ನಾಲ್ಕು ಸ್ವರ ಕೇಳಿಸಿದಾಗಲೇ, ಒಬ್ಬ ಯಜಮಾನ ಅಳುವ ಹಾಡು ಬೇಡವೆಂದ ಮೇಲೆ ಅದು ಚೀಲದಿಂದ ಹೊರಗೆ ಬಂದಿರಲಿಲ್ಲ. ಆ ಮೂರನೇ ಭಾಗದ ಕೊನೆಯಲ್ಲಿ ಎರಡನೇ ಪಿಟೀಲಿಗೆ ಒಂದು ಕಡೆ, ಒಂದೇ ಕಡೆ, ಒಂಟಿಯಾಗಿ ಹಾಡುವುದಿತ್ತು. ಉಳಿದ ಮೂವರೂ ಸುಮ್ಮನಾಗುತ್ತಾರೆ, ಪದ್ಮನಾಭ ಒಬ್ಬನೇ.

ಎರಡನೇ ಪಿಟೀಲಿನವನ ಕಲೆ ಅಂದರೆ ಅದೂ ಒಂದು ಮಿಮಿಕ್ರಿಯೇ. ಮೊದಲನೆಯವನು ಕಮಾನನ್ನು ಎಷ್ಟು ಒತ್ತುತ್ತಾನೋ ಅಷ್ಟೇ ಒತ್ತಬೇಕು, ಅವನ ಬೆರಳು ಎಷ್ಟು ನಡುಗುತ್ತದೋ ಅಷ್ಟೇ ನಡುಗಬೇಕು, ಎರಡು ದನಿ ಒಂದಾಗಿ ಕೇಳಿಸಬೇಕು. ಬೇರೆ ನಕಲಿಗೆ ಜನ ನಗುತ್ತಾರೆ. ಈ ನಕಲು ಗೊತ್ತೇ ಆಗಬಾರದು. ವಿಠಲರಾಯರ ಕಿರುಬೆರಳು ಈಚೆಗೆ ಮಾತು ಕೇಳುತ್ತಿರಲಿಲ್ಲ. ಮೇಲಿನ ಕೆಲವು ಸ್ವರಗಳನ್ನು ಅವರು ಬರೀ ಕಮಾನು ಸವರಿ ಬಿಡುತ್ತಿದ್ದರು, ಪದ್ಮನಾಭ ಅವರ ದನಿಯಲ್ಲೇ ಅದನ್ನು ತುಂಬುತ್ತಿದ್ದ. ಇದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಹೀಗೆ ತನ್ನದೇ ಸ್ವರ ಎಂಬುದು ಎಲ್ಲಿಯೂ ಇಲ್ಲದೆ ಹೋದವನಿಗೆ ಮಾಸ್ತರರು ಅಷ್ಟು ಹಿಂದೆಯೇ ಒಂದು ಗೇಣು ಜಾಗ ಬರೆದಿಟ್ಟು ಹೋಗಿದ್ದರು. ಬಿಡುವ ಮೊದಲು ಅದನ್ನೊಂದು ನುಡಿಸಬೇಕು, ಕೃತಿ ಒಂದು ಸಲ ಕೊನೆ ಮುಟ್ಟಬೇಕು. ಆಮೇಲೆ ಟೆಕ್ಸಾಸೋ ಬೋಸ್ಟನ್ನೋ.

ಬುಧವಾರ ಮಧ್ಯಾಹ್ನ ಕೂಕಟ್‌ಪಲ್ಲಿಯಲ್ಲಿ, ಮಂದಾಕಿನಿ ಕಲಿಸುವ ಶಾಲೆಯ ಸಂಗೀತದ ಕೋಣೆಯಲ್ಲಿ ಅಭ್ಯಾಸ. ವಿಠಲರಾಯರು ಒಂದು ರಬ್ಬರ್ ತಂದಿದ್ದರು.

"ಎಲ್ಲಾರೂ ಬಾಗಲಾ ಅಳಸ್ರಿ. ಭಾನುವಾರ ಒಂದ ಬಾಗಲಾ, ಕಡೀದು."

"ಮೂರನೇದರಾಗ ಬಾಗಲಾನ ಇಲ್ರಿ ಅಣ್ಣಾ" ಎಂದ ಪದ್ಮನಾಭ.

"ಚಲೋ ಆತು. ಅದರಾಗ ಹೊಕ್ಕವ ಹೊರಗ ಬರೂಹಂಗಿಲ್ಲ."

ನಾಲ್ಕು ವಾದ್ಯ ಇದ್ದ ಕಡೆ ಎಂಟು ವಾದ ಇರುತ್ತವೆ. ಎರಡನೇ ಭಾಗದ ವೇಗ ಎಷ್ಟಿರಬೇಕು ಎಂಬುದರ ಮೇಲೆ ಶುರುವಾದದ್ದು, ಯಾರು ಯಾವ ಮದುವೆಯಲ್ಲಿ ಯಾರನ್ನು ಬಿಟ್ಟು ಐಸ್‌ಕ್ರೀಮ್ ತಿಂದಿದ್ದರು ಎಂಬಲ್ಲಿಗೆ ಬಂದು ನಿಂತಿತು.

"ನೀವು ಎಳೀತೀರಿ ಮಾರಾಯ್ರೆ, ಎತ್ತಿನಗಾಡಿ ಹಾಗೆ. ನನಗೆ ನಿಮ್ಮ ಹಿಂದೆ ಬರ್ಲಿಕ್ಕೆ ಬ್ರೇಕ್ ಹಾಕ್ಬೇಕು" ಎಂದಳು ಮಂದಾಕಿನಿ ವಿಠಲರಾಯರಿಗೆ.

"ಗಾಡಿ ಎಳ್ಯಾಂವ ನಾ ಅಲ್ಲೇನವಾ, ಇಷ್ಟು ದೊಡ್ಡದು ನಂದ ಐತಿ" ಎಂದು ಚಂದ್ರಾಮ ಚೆಲ್ಲೋದ ಹೊಟ್ಟೆ ತಟ್ಟಿದ. ಟಕ್, ಟಕ್. ಮೂವರ ಕಮಾನೂ ಗಾಳಿಯಲ್ಲಿ ಒಂದಿಷ್ಟು ಮೇಲೆದ್ದು, ನಾಚಿಕೊಂಡು ಕೆಳಗಿಳಿದವು. ಎಲ್ಲರೂ ನಕ್ಕರು. ಯಾರೂ ಅದನ್ನು ಅಪಶಕುನ ಎಂದು ಬರೆದಿಟ್ಟುಕೊಳ್ಳಲಿಲ್ಲ.

ಮೂರನೇ ಭಾಗ ನುಡಿಸಿದರು. ಒಂಟಿ ಜಾಗ ಬಂದಾಗ ಪದ್ಮನಾಭ ನುಡಿಸಿದ. ಮುಗಿಸಿ ಮಂದಾಕಿನಿಯ ಕಡೆ ತಿರುಗಿದ.

"ಎಂತ ಆಯ್ತು?" ಎಂದು ಅವನೇ ಮಂದಾಕಿನಿಯ ದನಿಯಲ್ಲಿ ಕೇಳಿದ.

"ಚಂದ ಉಂಟು" ಎಂದಳು ಅವಳು. "ಆದ್ರೆ ಅದು ವಿಠಲಣ್ಣ ನುಡಿಸಿದ ಹಾಗೇ ಉಂಟು."

ಅವನು ಹಾಳೆ ಮಡಚಿದ. ಮಂದಾಕಿನಿ ತರಗತಿಗೆ ಹೋದಳು, ಚಂದ್ರಾಮ ಆಟೋ ಹುಡುಕಲು ಹೋದ. ವಿಠಲರಾಯರು ಕಮಾನಿನ ತಿರುಪು ಸಡಿಲ ಮಾಡುತ್ತ, ತಲೆಯೆತ್ತದೆ, "ಎಂದ ಹೊಂಟಿ?" ಎಂದರು.

"ಎಲ್ಲಿಗ್ರಿ?"

"ಎಲ್ಲಿಗಂತ ನನಗೇನು ಗೊತ್ತು. ಹೊಂಟಿ ಅಂತ ಗೊತ್ತೈತಿ. ಎರಡು ವಾರ ಆತು, ನಿನ್ನ ಕಮಾನು ನನಗಿಂತ ಕೂದಲೆಳಿ ಮೊದಲ ಎತ್ತಾಕತ್ತೇತಿ. ಬಸ್ಸಿಗೆ ಹೊಂಟಾಂವ ಹಂಗ ಎತ್ತತಾನ."

ಪದ್ಮನಾಭನಿಗೆ ಹತ್ತಾರು ದನಿ ಗೊತ್ತಿತ್ತು. ಒಂದನ್ನೂ ತೆಗೆಯದೆ "ಸೋಮವಾರರಿ" ಎಂದ.

"ಭಾನುವಾರ ನುಡಸ್ತೀಯಲ್ಲ?"

"ನುಡಸ್ತೀನ್ರಿ. ಪೂರ್ತಿ ನುಡಸ್ತೀನಿ."

"ಹೂಂ" ಎಂದು ವಿಠಲರಾಯರು ಪೆಟ್ಟಿಗೆ ಮುಚ್ಚಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಭಾನುವಾರ ವಾಚನಾಲಯದಲ್ಲಿ ಜನ ಇದ್ದರು. ಮಾಸ್ತರರ ಹಳೆಯ ಶಿಷ್ಯರು, ಮೊಮ್ಮಕ್ಕಳನ್ನು ಎಳೆದುಕೊಂಡು ಬಂದವರು, ಪೇಪರು ಓದಲು ಬಂದು ಎದ್ದು ಹೋಗಲು ಸಂಕೋಚಪಟ್ಟವರು. ಎರಡನೇ ಸಾಲಿನಲ್ಲಿ ಶ್ರೀವಿದ್ಯಾ ಕೂತಿದ್ದಳು, ತನ್ನ ಹೊಸ ಟ್ರೈನರನ್ನು ನೋಡಲು. ಹಾಳೆಗಳು ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದರೂ ತಾಯಪ್ಪನವರು ಫ್ಯಾನು ಆರಿಸಿದರು. ಸೆಕೆ ಗಟ್ಟಿಯಾಗಿ ನಿಂತಿತು. ಹಿಂದಿನ ವರಾಂಡದಿಂದ ಬಗಾರಾ ಅನ್ನದ ವಾಸನೆ ಬರುತ್ತಿತ್ತು.

ಮೊದಲ ಸಾಲಿನಲ್ಲಿ ಒಬ್ಬ ಅಜ್ಜ. ಬಿಳಿ ಪೈಜಾಮ, ಕರಿ ಟೋಪಿ, ಕೈಯಲ್ಲಿ ಹಿತ್ತಾಳೆಯ ನಸ್ಯದ ಡಬ್ಬಿ. ಅವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲ ಭಾಗ ಶುರುವಾದ ಕೂಡಲೇ ಕಣ್ಣು ಮುಚ್ಚಿದ. ನಿದ್ದೆ ಎಂದುಕೊಂಡ ಪದ್ಮನಾಭ. ಅವರ ವೃತ್ತಿಯಲ್ಲಿ ಅದು ದೊಡ್ಡ ಗೌರವವೇ. ಆದರೆ ಸ್ವರ ತಿರುಗಿದ ಕಡೆಯಲ್ಲೆಲ್ಲ ಅಜ್ಜನ ತಲೆಯೂ ತಿರುಗುತ್ತಿತ್ತು. ಕೇಳುತ್ತಿದ್ದ. ಪದ್ಮನಾಭನ ಬೆನ್ನು ತಾನಾಗಿ ನೆಟ್ಟಗಾಯಿತು. ಒಬ್ಬ ಮನುಷ್ಯ ಕೇಳುತ್ತಿದ್ದಾನೆಂದರೆ ನುಡಿಸುವುದು ಎಷ್ಟು ಕಷ್ಟ ಎಂಬುದು ಅವನಿಗೆ ಮರೆತೇ ಹೋಗಿತ್ತು.

ಎರಡನೇ ಭಾಗ ಮುಗಿಯಿತು. ಯಾರೂ ಮೈಕಿನ ಹತ್ತಿರ ಬರಲಿಲ್ಲ. ಮೂರನೆಯದಕ್ಕೆ ವಿಠಲರಾಯರು ಮೂಗಿನಿಂದ ಉಸಿರೆಳೆದರು, ಅದೇ ಅವರ ಸನ್ನೆ. ನಾಲ್ವರೂ ಒಂದೇ ಉಸಿರಿಗೆ ಇಳಿದರು. ಚಂದ್ರಾಮ ಕೆಳಗೆ ಒಂದು ಸ್ವರ ಹಿಡಿದು ಕೂತ. ಮಂದಾಕಿನಿ ಅದರ ಮೇಲೆ ಮೆಲ್ಲಗೆ ನಡೆದಳು. ವಿಠಲರಾಯರು ಮೇಲೆ ಹೋದರು, ಕಿರುಬೆರಳು ಕೈಕೊಟ್ಟ ಕಡೆ ಪದ್ಮನಾಭ ಅವರಾದ, ಮತ್ತೆ ಕೆಳಗಿಳಿದು ತಾನಾದ. ಒಂಟಿ ಜಾಗ ಬರುತ್ತಿತ್ತು. ಇನ್ನೊಂದು ಸಾಲು ದಾಟಿದರೆ ಬಂತು. ಮಂದಾಕಿನಿಯ ದನಿ ಆಗಲೇ ಅವನಿಗಾಗಿ ಜಾಗ ಬಿಡಲು ಸರಿಯುತ್ತಿತ್ತು.

ಅಜ್ಜನಿಗೆ ತಡೆಯಲಾಗಲಿಲ್ಲ. ಸುಖ ಹೆಚ್ಚಾದರೆ ನಸ್ಯ ಬೇಕಾಗುತ್ತದೆ; ನಸ್ಯ ಬೇಕಾದರೆ, ಮುಚ್ಚಳಕ್ಕೆ ಅಂಟಿದ ಪುಡಿ ಉದುರಲಿ ಎಂದು, ತೆಗೆಯುವ ಮೊದಲು ಡಬ್ಬಿಗೆ ಬೆರಳು ಬಡಿಯಬೇಕಾಗುತ್ತದೆ.

ಟಕ್, ಟಕ್.

ನಾಲ್ವರೂ ಸ್ವರವನ್ನು ತಿರುಗಿಸಿದರು. ಪೆನ್ಸಿಲಿನ ಗುರುತೇ ಇಲ್ಲದ ಕಡೆ, ಬಾಗಿಲೇ ಇಲ್ಲದ ಗೋಡೆಯಲ್ಲಿ, ನಾಲ್ವರಿಗೂ ಒಂದೇ ಬಾಗಿಲು ಕಂಡಿತು. ಚೆಲ್ಲೋ ಒಂದು ಮೆಟ್ಟಿಲು ಇಳಿಯಿತು, ವಯೋಲ ಬಾಗಿತು, ಎರಡು ಪಿಟೀಲು ಒಂದೇ ದನಿಯಾಗಿ ಮನೆ ಸೇರಿದವು. ಕಮಾನುಗಳು ಒಟ್ಟಿಗೆ ಎದ್ದವು. ಪದ್ಮನಾಭ ತನ್ನ ಬೆರಳನ್ನು ನೋಡಿದ. ಅದು ಸರಿಯಾದ ಜಾಗದಲ್ಲೇ ಇತ್ತು. ಅದಕ್ಕೆ ಯಾರೂ ಹೇಳಿರಲಿಲ್ಲ. ಕಟ್ಟಿಕೊಂಡ ಆಸೆಯ ಎದುರಿಗೇ, ಅದರ ಅಪ್ಪಣೆ ಕೇಳದೆ, ಅದು ತನ್ನ ಕೆಲಸ ಮುಗಿಸಿತ್ತು.

ಇಷ್ಟು ಚೆಂದವಾಗಿ ಅವರು ಎಂದೂ ಏನನ್ನೂ ಮುಗಿಸಿರಲಿಲ್ಲ.

ಚಪ್ಪಾಳೆ ಬಿತ್ತು. ದೊಡ್ಡ ಚಪ್ಪಾಳೆ. ತಾಯಪ್ಪನವರು ಶಾಲುಗಳ ಕಟ್ಟು ಹಿಡಿದು ಓಡಿಬಂದರು. "ಭಾಳ ಚಂದ, ಭಾಳ ಚಂದ. ನಾಕು ಭಾಗ ಹೆಂಗ ಹೋದ್ವು ಅಂತ ತಿಳೀಲಿಲ್ಲ ನೋಡ್ರಿ" ಎಂದು ವಿಠಲರಾಯರಿಗೆ ಹೊದಿಸಿದರು. ಮೈಕಿನಲ್ಲಿ, "ಎಲ್ಲಾರೂ ಊಟಾ ಮಾಡ್ಕೊಂಡ ಹೋಗಬೇಕು" ಎಂದರು. ಕುರ್ಚಿಗಳು ಸರಿದವು. ಶ್ರೀವಿದ್ಯಾ ಎದ್ದು ನಿಂತು ಕೈ ಬೀಸಿದಳು.

"ಅದು ಮೈಕ್ ಅಲ್ಲೊ" ಎಂದ ಚಂದ್ರಾಮ, ತುಟಿ ಅಲುಗಿಸದೆ. "ತಪಕೀರ ಡಬ್ಬಿ."

"ನನಗೆ ಗೊತ್ತಾಯ್ತು. ಕೈ ನಿಲ್ಲಿಸಿದ ಮೇಲೆ ಗೊತ್ತಾಯ್ತು" ಎಂದಳು ಮಂದಾಕಿನಿ. ಅವಳ ಕಣ್ಣಲ್ಲಿ ಇದ್ದದ್ದು ನಗುವೋ ಬೇರೆಯೋ, ಸೆಕೆಯಲ್ಲಿ ಹೇಳುವ ಹಾಗಿರಲಿಲ್ಲ.

ವಿಠಲರಾಯರು ಶಾಲು ಹೊದ್ದುಕೊಂಡೇ ಕಮಾನಿನ ತಿರುಪಿಗೆ ಕೈ ಹಾಕಿದರು. ಅದನ್ನು ಸಡಿಲ ಮಾಡಿದರೆ ಆ ದಿನದ ನುಡಿಸಾಣಿಕೆ ಮುಗಿಯಿತು ಎಂದರ್ಥ. ಒಂದು ಸುತ್ತು ತಿರುಗಿಸಿದರು. ಎರಡನೇ ಸುತ್ತಿಗೆ ಅವರ ಕೈ ನಿಂತುನಿಂತು ಹೋಗುತ್ತಿತ್ತು. ಪದ್ಮನಾಭ ಆ ಕೈಯನ್ನು ಇಷ್ಟು ವರ್ಷ ನಕಲು ಮಾಡಿದ್ದ. ಆ ನಿಧಾನ ಅವನಿಗೆ ಹೊಸದು.

ಅವನ ಭುಜ ಬಿದ್ದುಹೋಗುವಷ್ಟು ಸೋತಿತ್ತು. ಊಟ ಮಾಡಿ ಮನೆಗೆ ಹೋಗಿ ಮಲಗಬಹುದಿತ್ತು. ಯಾರಿಗೂ ತಿಳಿದಿಲ್ಲ, ತಿಳಿಯುವುದೂ ಇಲ್ಲ. ಮೊದಲ ಸಾಲಿನ ಕಡೆ ನೋಡಿದ. ಎಲ್ಲರೂ ಎದ್ದಿದ್ದರು. ಅಜ್ಜ ಮಾತ್ರ ಎದ್ದಿರಲಿಲ್ಲ, ಚಪ್ಪಾಳೆಯನ್ನೂ ಹೊಡೆದಿರಲಿಲ್ಲ. ಎರಡು ಬೆರಳ ನಡುವೆ ಚಿಟಿಕೆ ನಸ್ಯ ಹಿಡಿದುಕೊಂಡು, ಮೂಗಿಗೆ ಏರಿಸುವುದನ್ನು ಮರೆತು, ಇವರ ಕಡೆಯೇ ನೋಡುತ್ತಿದ್ದ. ಮಾತು ಮುಗಿಯುವ ಮೊದಲೇ ಫೋನು ಕಟ್ಟಾದವನ ಮುಖ ಅದು.

ಪದ್ಮನಾಭ ಎದ್ದು ಮೈಕಿನ ಹತ್ತಿರ ಹೋದ. ಅಭ್ಯಾಸಬಲದಿಂದ ಅದರ ತಲೆಗೆ ಬಡಿಯಲು ಬೆರಳು ಎತ್ತಿದವನು, ಎತ್ತಿದ ಬೆರಳನ್ನು ಹಾಗೇ ಮಡಚಿಕೊಂಡ. ಬಾಯಿ ತೆರೆದ. ಅಷ್ಟು ಜನರೆದುರು ಅವನು ತನ್ನ ದನಿಯಲ್ಲಿ ಮಾತಾಡಿದ್ದೇ ಇಲ್ಲ. ತಾಯಪ್ಪನವರದು ನಾಲಗೆಯ ತುದಿಯಲ್ಲಿತ್ತು, ಬೋಸ್ಟನ್ನಿನದು ಅದರ ಹಿಂದೆ ಸಾಲು ನಿಂತಿತ್ತು.

"ಕೂಡ್ರಿ" ಎಂದ. ದನಿ ತೆಳ್ಳಗೆ, ಸ್ವಲ್ಪ ಒಡೆದದ್ದು, ಹುಟ್ಟೂರು ರಾಯಚೂರಿನ ಬಿಸಿಲಲ್ಲಿ ಒಣಹಾಕಿ ಮರೆತು ಬಂದದ್ದು. "ಹಸದೋರು ಹೋಗ್ರಿ, ಅನ್ನ ಆರತೈತಿ. ಆದ್ರ ಇದು ಮುಗದಿಲ್ಲ. ನಾವು ತಪ್ಪಿ ನಿಲ್ಲಿಸೀವಿ. ಮೂರನೇದು ಪೂರಾ ಆಗಿಲ್ಲ. ಅದನ್ನ ಮೊದಲಿಂದ ನುಡಸ್ತೀವಿ. ಆಮ್ಯಾಲೆ ನಾಕನೇದೂ ಐತಿ."

ಶ್ರೀವಿದ್ಯಾ ನಕ್ಕಳು. ಇದೂ ಅವನ ಒಂದು ಮಿಮಿಕ್ರಿ, ಯಾರೋ ಹಳ್ಳಿಯವನದು ಎಂದುಕೊಂಡಳು. ಆಮೇಲೆ ಅವಳ ನಗು ತಾನಾಗಿ ಸಣ್ಣದಾಯಿತು. ಮೆಲ್ಲಗೆ ಕೂತಳು.

ತಾಯಪ್ಪನವರು ಹತ್ತಿರ ಬಂದರು. "ಪದ್ಮನಾಭ, ಚಪ್ಪಾಳಿ ಬಿದ್ದೇತಿ, ಶಾಲು ಹಾಕೀವಿ. ಈಗ ತಪ್ಪಾಗೇತಿ ಅಂದ್ರ ಹೆಂಗಪಾ? ಅಡಗಿಯವರು ಬಡಸಾಕ ಹತ್ಯಾರ."

"ಬಡಸ್ಲಿ" ಎಂದರು ಹಿಂದಿನಿಂದ ವಿಠಲರಾಯರು. ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದ್ದರು. ಕಮಾನಿನ ತಿರುಪು ಮತ್ತೆ ಬಿಗಿಯುತ್ತಿದ್ದರು.

ಅರ್ಧಕ್ಕಿಂತ ಹೆಚ್ಚು ಜನ ಊಟಕ್ಕೆ ಹೋದರು. ಉಳಿದವರು ಚದುರಿ ಕೂತರು. ಅಜ್ಜ ನಸ್ಯವನ್ನು ಪೈಜಾಮಕ್ಕೆ ಒರೆಸಿಕೊಂಡು, ಡಬ್ಬಿಯನ್ನು ಮುಷ್ಟಿಯೊಳಗೆ ಹಿಡಿದು, ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿ, ಹಾವು ಹಿಡಿದವನ ಹಾಗೆ ಕೂತ. ತಪ್ಪು ಯಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅರ್ಥವಾಗಿತ್ತು ಅಂತ ಕಾಣುತ್ತದೆ.

ಮೂರನೇ ಭಾಗ ಮತ್ತೆ ಶುರುವಾಯಿತು. ವರಾಂಡದಲ್ಲಿ ತಟ್ಟೆಗಳ ಸದ್ದು. ಒಂಟಿ ಜಾಗ ಬಂತು. ಮೂವರೂ ಸುಮ್ಮನಾದರು, ಪದ್ಮನಾಭ ಒಬ್ಬನೇ ಉಳಿದ. ಮೊದಲ ಎಳೆತ ವಿಠಲರಾಯರದಾಗಿ ಬಂತು, ಅವನಿಗೇ ಕೇಳಿಸಿತು. ಎರಡನೆಯದು ಸತ್ತುಹೋದ ಮಾಸ್ತರರದು. ಮೂರನೆಯದಕ್ಕೆ ಯಾರದೂ ಸಿಗಲಿಲ್ಲ. ಕಮಾನು ಸ್ವಲ್ಪ ನಡುಗಿತು, ಸ್ವರ ಅಂಚಿನಲ್ಲಿ ಒರಟಾಯಿತು, ಈಗಷ್ಟೇ ಮೈಕಿನಲ್ಲಿ ಕೇಳಿದ ದನಿಯ ಹಾಗೆ ತೆಳ್ಳಗೆ ಒಡೆದುಕೊಂಡು ಬಂತು. ಚೆಂದ ಇತ್ತು ಎಂದು ಹೇಳಲಾಗದು. ಅವನು ಅದನ್ನು ಸರಿ ಮಾಡಲು ಹೋಗಲಿಲ್ಲ. ಹಾಗೇ ಹಿಡಿದುಕೊಂಡು ಕೊನೆಯ ತನಕ ನಡೆದ. ಪಕ್ಕದಲ್ಲಿ ವಿಠಲರಾಯರು ಕಣ್ಣು ಮುಚ್ಚಿದ್ದರು. ಆ ಸಾಲು ಮುಗಿದು ಅವರು ಮತ್ತೆ ಸೇರಿಕೊಂಡಾಗ ಅವರ ಸ್ವರವೂ ತುಸು ಒಡೆದಿತ್ತು. ಮೊದಲ ಸಲ ಅವರು ಇವನನ್ನು ಹಿಂಬಾಲಿಸುತ್ತಿದ್ದರು.

ನಾಲ್ಕನೇ ಭಾಗ ಓಟದ್ದು. ಓಡುವ ಶಕ್ತಿ ಯಾರಿಗೂ ಇರಲಿಲ್ಲ, ಓಡಿದರು. ನಡುವೆ ವರಾಂಡದಲ್ಲಿ ಒಂದು ಸ್ಟೀಲಿನ ತಟ್ಟೆ ಬಿದ್ದು ಉರುಳಿ ಉರುಳಿ ನಿಂತಿತು. ನಾಲ್ವರ ಹೆಗಲೂ ಒಮ್ಮೆ ಬಿಗಿದವು. ಯಾರ ಕಮಾನೂ ಏಳಲಿಲ್ಲ. ಚಂದ್ರಾಮ ಬೆವರನ್ನು ಚೆಲ್ಲೋದ ಮೇಲೆ ಸುರಿಸುತ್ತ ನುಡಿಸಿದ. ಕೊನೆಯ ಸಾಲು ಬಂತು, ಕೊನೆಯ ಸ್ವರ ಬಂತು, ಅದನ್ನು ಬರೆದಷ್ಟು ಉದ್ದಕ್ಕೆ ಹಿಡಿದರು, ಬಿಟ್ಟರು.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಒಂದು ಸಲ ಮೋಸ ಹೋದವರು. ಮುಗಿದಿದೆಯೋ, ಮತ್ತೆ ತಪ್ಪಿ ನಿಲ್ಲಿಸಿದ್ದಾರೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ವೇದಿಕೆಯ ಮೇಲಿನ ನಾಲ್ವರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ತಾವಾಗಿ ಮುಗಿಸಿದ್ದನ್ನು ಮುಗಿಯಿತು ಎಂದು ತೋರಿಸುವುದು ಹೇಗೆಂಬುದು ಅವರಿಗೆ ಗೊತ್ತಿರಲಿಲ್ಲ. ನಾಳೆ ಸೋಮವಾರ ಎಂಬುದು ಪದ್ಮನಾಭನಿಗೆ ನೆನಪಾಯಿತು. ಅದೇನೂ ಬದಲಾಗಿರಲಿಲ್ಲ. ಸಂಜೆ ಹೋಗಬೇಕಾದಲ್ಲಿಗೆ ಹೋಗಬೇಕಿತ್ತು.

ಮೊದಲ ಸಾಲಿನಲ್ಲಿ ಅಜ್ಜ ಮುಷ್ಟಿ ಬಿಡಿಸಿದ. ಹಿತ್ತಾಳೆಯ ಡಬ್ಬಿಯನ್ನು ಎದೆಯ ಎತ್ತರಕ್ಕೆ ಹಿಡಿದು, ಹುಬ್ಬೇರಿಸಿ, ಪದ್ಮನಾಭನ ಕಡೆ ನೋಡಿದ. ಬಡಿಯಬಹುದೇ ಎಂದು ಕೇಳುವ ಹಾಗೆ.

ಪದ್ಮನಾಭ ಆಗಲಿ ಎಂದು ತಲೆಯಾಡಿಸಿದ.

ಟಕ್, ಟಕ್.

ಪುಡಿ ಉದುರಲಿಲ್ಲವೋ ಏನೋ, ಅಜ್ಜ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಇನ್ನೊಂದು ಸಲ ಬಡಿದ.

ಟಕ್.

ವಿಠಲರಾಯರು ಆ ಮೂರನೇ ಟಕ್ಕನ್ನು ಕೂತಲ್ಲೇ ಕೇಳಿಸಿಕೊಂಡರು. ಪಿಟೀಲನ್ನು ಮಡಿಲಲ್ಲಿ ಮಲಗಿಸಿಕೊಂಡು, ಕಮಾನಿನ ತಿರುಪನ್ನು ಒಂದೊಂದೇ ಸುತ್ತು ಸಡಿಲ ಮಾಡತೊಡಗಿದರು.